ಕಾಗದದಲ್ಲಿ ಮಾತ್ರ

ಹದಿನೈದು ವರ್ಷ ಹಟ ಹಿಡಿದು ಕೂತಿದ್ದ ಮುದುಕಿ ಅಫೀಬಾ ಒಂದು ಭಾನುವಾರ ಮಧ್ಯಾಹ್ನ ಬಾಯಲ್ಲಿದ್ದ ಬಾಳೆಕಾಯಿ ಮುದ್ದೆಯನ್ನು ನುಂಗಿ, ಬೆರಳು ನೆಕ್ಕಿಕೊಂಡು, "ಆಯ್ತು, ನೀರು ಹಾಕಿಸ್ಕೋತೀನಿ. ಆ ಪಾದ್ರಿಗೆ ಹೇಳಿ ಕಳಿಸಿ," ಎಂದುಬಿಟ್ಟಳು.

ಊಟಕ್ಕೆ ಕೂತಿದ್ದವರು ನಾಲ್ಕೇ ಜನ. ಬಡಿಸುತ್ತಿದ್ದ ಮಗಳು ಫಿನಾಳ ಕೈಯಿಂದ ಸೌಟು ಜಾರಿ ಕಡಲೆಕಾಯಿ ಸಾರಿನೊಳಗೆ ಮುಳುಗಿತು. ಮಗ ಕೋಜೋ ತಲೆ ಎತ್ತಿದ. ಮೊಮ್ಮಗಳು ಲೂಯಿಸಾ ಮಾತ್ರ ತಟ್ಟೆಯಲ್ಲಿದ್ದ ಬೆಂಡೆಕಾಯಿಯನ್ನು ಬದಿಗೆ ಸರಿಸುವ ಕೆಲಸ ನಿಲ್ಲಿಸಲಿಲ್ಲ.

"ಏನವ್ವ, ಜ್ವರ ಗಿರ ಬಂದಿದೆಯಾ?" ಎಂದಳು ಫಿನಾ.

"ನಂಗ್ಯಾಕೆ ಬರತ್ತೆ ಜ್ವರ? ನಿಮ್ಮಣ್ಣನ ತಲೆ ನೋಡು, ಅರ್ಧ ಬೆಳ್ಳಗಾಗಿದೆ. ನನ್ನ ಹಟಕ್ಕೆ ಅವನು ಇನ್ನೆಷ್ಟು ವರ್ಷ ಬರಿಗಾಲಲ್ಲಿ ತಿರುಗಬೇಕು? ಸಾಕು. ನಮ್ಮವ್ವನ ಹತ್ರ ನಾನು ಮಾತಾಡ್ಕೋತೀನಿ."

"ಸತ್ತವರ ಹತ್ರ ಏನು ಮಾತಾಡ್ತೀಯವ್ವ?" ಎಂದ ಕೋಜೋ, ನಗುತ್ತ.

"ನಿನ್ನಂಥ ಬದುಕಿರೋರಿಗಿಂತ ಅವಳು ಚೆನ್ನಾಗಿ ಕೇಳಿಸ್ಕೋತಾಳೆ. ತಿನ್ನು, ಆರೋಗತ್ತೆ."

ಆ ಮಾತಿನ ತೂಕ ಆ ಮನೆಯವರಿಗೆ ಗೊತ್ತಿತ್ತು. ಪಾರಾಮಾರಿಬೊ ಊರಿನಲ್ಲಿ, ಸುರಿನಾಮನ್ನು ಆಳುತ್ತಿದ್ದ ಡಚ್ಚರ ಕಾನೂನಿನ ಪ್ರಕಾರ, ಅಫೀಬಾ ಮತ್ತು ಕೋಜೋ ಇಬ್ಬರೂ ಫಿನಾಳ ಗುಲಾಮರು. ಹೌದು, ಹೆತ್ತ ತಾಯಿ ಮತ್ತು ಒಡಹುಟ್ಟಿದ ಅಣ್ಣ. ಮೂವರೂ ಒಂದೇ ಕಬ್ಬಿನ ತೋಟದವರು. ಕೋಜೋನ ಅಪ್ಪ ಗಾಣಕ್ಕೆ ಕೈ ಸಿಕ್ಕಿ ಸತ್ತ ಕರಿಯ ಆಳು. ಫಿನಾಳ ಅಪ್ಪ ಅದೇ ತೋಟದ ಬಿಳಿಯ ಮೇಲ್ವಿಚಾರಕ. ಆ ಪುಣ್ಯಾತ್ಮನಿಗೆ ಏನನ್ನಿಸಿತೋ, ಆರು ವರ್ಷದ ಹುಡುಗಿಗೆ ಬಿಡುಗಡೆ ಬರೆಸಿ, ಪಟ್ಟಣದ ಒಬ್ಬ ದರ್ಜಿಯವಳ ಮನೆಯಲ್ಲಿ ಬಿಟ್ಟುಹೋದ. ತಾಯಿಯನ್ನು ಬಿಡಿಸಬೇಕೆಂದು ಮಾತ್ರ ಅನ್ನಿಸಲಿಲ್ಲ. ಫಿನಾ ಕಣ್ಣು ಕಿತ್ತುಬರುವ ತನಕ ಹೊಲಿದು, ಇಪ್ಪತ್ತೇಳನೆಯ ವಯಸ್ಸಿಗೆ ತಾಯಿಯನ್ನೂ ಅಣ್ಣನನ್ನೂ ಕೊಂಡು ತಂದಳು. ಕೊಂಡು ತಂದಳು ಎಂದರೆ ದನ ಕೊಂಡಂತೆ ಕೊಂಡೇ ತಂದಳು, ಬೇರೆ ದಾರಿ ಇರಲಿಲ್ಲ.

ಬಿಡುಗಡೆ ಮಾಡಿಸಬೇಕಾದರೆ ಗವರ್ನರಿಗೆ ಅರ್ಜಿ, ಅರ್ಜಿಯ ಜೊತೆಗೆ ಇಗರ್ಜಿಯ ಚೀಟಿ. ಕ್ರೈಸ್ತರಲ್ಲದವರಿಗೆ ಬಿಡುಗಡೆ ಇಲ್ಲ, ಬಿಡುಗಡೆಯಾಗದವರು ಕಾಲಿಗೆ ಜೋಡು ಮೆಟ್ಟುವಂತಿಲ್ಲ. ಕೋಜೋ ಪಾದ್ರಿಯ ಬಳಿ ಎಂದೋ ನೀರು ಹಾಕಿಸಿಕೊಂಡು ಕ್ರೈಸ್ತನಾಗಿದ್ದ. ಅಫೀಬಾ ಒಪ್ಪಲಿಲ್ಲ. ನೀರು ಹಾಕಿಸಿಕೊಂಡರೆ ಬೂರುಗದ ಮರದ ಬುಡದಲ್ಲಿ ತಾಯಿಗೆ ಎಡೆ ಇಡುವುದನ್ನು ಬಿಡಬೇಕು ಎಂದಿದ್ದರು ಪಾದ್ರಿ. ಆ ತಾಯಿ ಹಡಗಿನ ತಳದಲ್ಲಿ ಸಮುದ್ರ ದಾಟಿ ಬಂದವಳು, ಇಲ್ಲಿ ಅವಳಿಗೆ ಒಂದು ಹಿಡಿ ಅನ್ನ ಇಡುವವರು ಬೇರೆ ಯಾರೂ ಇರಲಿಲ್ಲ. ಅವ್ವನನ್ನು ಬಿಟ್ಟು ತಾನೊಬ್ಬನೇ ಬಿಡುಗಡೆಯಾಗಲು ಕೋಜೋ ಒಪ್ಪಲಿಲ್ಲ. ಹೀಗೆ ಹದಿನೈದು ವರ್ಷ ಕಳೆಯಿತು. ಮನೆಯೊಳಗೆ ಅವಳು ಅವ್ವ, ಇವನು ಅಣ್ಣ. ಗುಲಾಮರಾಗಿದ್ದದ್ದು ಕಾಗದದಲ್ಲಿ ಮಾತ್ರ. "ಕಾಗದದಲ್ಲಿ ತಾನೇ, ಬಿಡು" ಎನ್ನುವುದು ಆ ಮನೆಯಲ್ಲಿ ಉಪ್ಪಿನಷ್ಟು ಬಳಕೆಯಾದ ಮಾತು.

"ಮಳೆ ನಿಲ್ಲೋದ್ರೊಳಗೆ ಅರ್ಜಿ ಕೊಡ್ತೀನಿ," ಎಂದಳು ಫಿನಾ. ಅವಳ ಕಣ್ಣಲ್ಲಿ ನೀರೇ ಬಂದಿತ್ತು. "ಅಣ್ಣ, ಮೊದಲು ಏನು ಮಾಡ್ತೀಯ? ಜೋಡು ಕೊಳ್ತೀಯ?"

"ಜೋಡಿಗೇನು ಅವಸರ? ಈ ಕಾಲಿಗೆ ಯಾವ ಜೋಡು ಹಿಡಿಸತ್ತೆ? ಮೊದಲು ಹೆಸರು ಬರೆಸ್ತೀನಿ. ನಿನ್ನ ಮನೆ ಹೆಸರೇ. ಆಮೇಲೆ ಅದನ್ನ ಹಲಗೆ ಮೇಲೆ ಕೆತ್ತಿ ಬೀದಿ ಬಾಗಿಲಿಗೆ ಹೊಡೀತೀನಿ."

"ಬೀದಿ ಬಾಗಿಲಿಗೆ ಯಾಕೆ ಮಾವ?" ಎಂದಳು ಲೂಯಿಸಾ. ಅವಳು ಅಂದು ಊಟಕ್ಕೆ ಕೂತ ಮೇಲೆ ಆಡಿದ ಮೊದಲ ಮಾತು ಅದು.

"ಮತ್ತಿನ್ನೇನು ಕೋಳಿ ಗೂಡಿಗೆ ಹೊಡೀಲೇನೇ?"

ಎಲ್ಲರೂ ನಕ್ಕರು. ಲೂಯಿಸಾ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಲೂಯಿಸಾಗೆ ಹತ್ತೊಂಬತ್ತು. ಅವಳ ಅಪ್ಪ ಡಚ್ ವ್ಯಾಪಾರಿ. ಮಗು ಹುಟ್ಟಿದ ಎರಡನೇ ವರ್ಷಕ್ಕೆ ಊರಿಗೆ ಹೋಗಿ ಬರುತ್ತೇನೆಂದವನು ಅಲ್ಲಿಯೇ ತೀರಿಕೊಂಡ. ಹುಡುಗಿಗೆ ಅವನದೇ ಬಣ್ಣ, ಅವನದೇ ಮೂಗು. ಕೂದಲೊಂದು ಮಾತು ಕೇಳುತ್ತಿರಲಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಎಣ್ಣೆ, ಬಿಸಿ ಬಾಚಣಿಗೆ. ಬಾಚುತ್ತಿದ್ದವಳು ಅಜ್ಜಿ. "ನಮ್ಮವ್ವನ ಕೂದಲು ಕಣೇ ಇದು, ಇಷ್ಟು ಸುಲಭಕ್ಕೆ ಬಗ್ಗಲ್ಲ," ಎಂದು ಆ ಮುದುಕಿ ಹೆಮ್ಮೆಪಟ್ಟಾಗಲೆಲ್ಲ ಹುಡುಗಿ ಮುಖ ಗಂಟು ಹಾಕಿಕೊಳ್ಳುತ್ತಿದ್ದಳು.

ಎರಡು ವಾರದ ಹಿಂದಿನಿಂದ ಒಬ್ಬ ಬಿಳಿಯ ಗುಮಾಸ್ತ ಮನೆಗೆ ಬರತೊಡಗಿದ್ದ. ಹೆಸರು ಅಡ್ರಿಯಾನ್ ಲೂಬೆನ್. ಸರ್ಕಾರಿ ಕಚೇರಿಯಲ್ಲಿ ಕೆಲಸ, ಬಿಸಿಲಿಗೆ ಕೆಂಪಾದ ಕತ್ತು, ಒಳ್ಳೆಯ ನಡತೆ. ಅಲ್ಲಿ ಬಹಳ ಮಂದಿ ಬಿಳಿಯರು ಕಂದು ಹುಡುಗಿಯರನ್ನು ಮನೆಯಲ್ಲಿಟ್ಟುಕೊಳ್ಳುತ್ತಿದ್ದರೇ ಹೊರತು ಇಗರ್ಜಿಗೆ ಕರೆದೊಯ್ಯುತ್ತಿರಲಿಲ್ಲ. ಇವನು ಮದುವೆಯ ಮಾತೇ ಎತ್ತಿದ್ದ. ಫಿನಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನು ಬಂದಾಗ ಅಫೀಬಾ, ಕೋಜೋ ಹಿತ್ತಲಿನ ಅಡುಗೆಮನೆಯಲ್ಲಿ ಇರುತ್ತಿದ್ದರು. ಹಾಗಿರಿ ಎಂದು ಯಾರೂ ಹೇಳಿರಲಿಲ್ಲ, ಅವರೇ ಹೋಗುತ್ತಿದ್ದರು.

ಅಜ್ಜಿ ನೀರು ಹಾಕಿಸಿಕೊಂಡು ಬಂದ ಮರುವಾರ, ಫಿನಾ ಕಿಟಕಿಯ ಬಳಿ ರವಿಕೆಗೆ ಅಂಚು ಹೊಲಿಯುತ್ತಿದ್ದಾಗ, ಲೂಯಿಸಾ ಬಂದು ಎದುರು ಕೂತಳು.

"ಅಮ್ಮ, ಅರ್ಜಿ ಈಗ ಬೇಡ."

"ಯಾವ ಅರ್ಜಿ?"

"ಮಾವಂದು, ಅಜ್ಜೀದು. ನನ್ನ ಮದುವೆ ಆಗೋವರೆಗೆ ಬೇಡ."

"ನಿನ್ನ ಮದುವೆಗೂ ಅದಕ್ಕೂ ಏನೇ ಸಂಬಂಧ?"

"ಬಿಡುಗಡೆ ಆದ್ರೆ ಅವರು ನಂಗೆ ಮಾವ ಆಗ್ತಾರೆ."

ಫಿನಾ ಸೂಜಿ ಕೆಳಗಿಟ್ಟಳು. "ಈಗೇನು ಅವನು ನಿಂಗೆ ಪಕ್ಕದ ಮನೆಯೋನಾ?"

"ಈಗ ಅವರು ಯಾರೂ ಅಲ್ಲಮ್ಮ. ಗುಲಾಮ ಅಂದ್ರೆ ಗುಲಾಮ, ಯಾರ ಮನೇಲಿಲ್ಲ? ಅದನ್ನ ಯಾರೂ ಕೇಳಲ್ಲ. ಬಿಡುಗಡೆ ಆದ್ರೆ ಹೆಸರು ಬರತ್ತೆ, ಅದೂ ನಮ್ಮ ಹೆಸರೇ. ಪತ್ರಿಕೇಲಿ ಹಾಕ್ತಾರೆ. ಅದಕ್ಕೂ ಮೊದಲು ಆ ಅರ್ಜೀನ ಅಡ್ರಿಯಾನ್ ಕೂರೋ ಕಚೇರೀಲೇ ಗಟ್ಟಿಯಾಗಿ ಓದ್ತಾರೆ. ಅವನ ಮೇಲಧಿಕಾರಿ ಕೇಳಿಸ್ಕೋತಾನೆ. ಆಮೇಲೆ ಅವನು ಯಾವ ಮುಖ ಹೊತ್ಕೊಂಡು ಅಲ್ಲಿ ಕೂರ್ಬೇಕು?"

"ಥೂ! ನಿನ್ನ ಬಾಯಿಗೆ ಬೆಂಕಿ ಹಾಕ. ಹೊತ್ತು ಆಡಿಸಿದ್ದು ಅವನು ಕಣೇ!"

"ಗೊತ್ತು." ಲೂಯಿಸಾ ಸೂಜಿ ಎತ್ತಿ ತಾಯಿಯ ಕೈಗೆ ಕೊಟ್ಟಳು. "ನಂಗೂ ಗೊತ್ತಮ್ಮ. ಮದುವೆ ಆದ ಮರುದಿನವೇ ಕೊಡು, ನಾನು ಬೇಡ ಅಂತೀನಾ? ಮೂರು ತಿಂಗಳು ಅಷ್ಟೇ. ಕಾಗದದಲ್ಲಿ ತಾನೇ?"

ಫಿನಾ ಕೂಗಾಡಿದಳು, ಅತ್ತಳು, ಹೊಲಿದ ಅಂಚನ್ನು ಬಿಚ್ಚಿ ಮತ್ತೆ ಹೊಲಿದಳು. ಆದರೆ ಸುಳ್ಳು ಯಾಕೆ ಹೇಳಬೇಕು? ಮಗಳು ದೊರೆಸಾನಿಯಾಗುವುದು ಅವಳಿಗೂ ಬೇಕಿತ್ತು. ತನ್ನ ತಾಯಿ ಕರಿಯಳು, ತಾನು ಕಂದು, ಮಗಳು ಬಿಳಿಚು. ಮಗಳ ಮಕ್ಕಳನ್ನು ಯಾರೂ ಏನೂ ಕೇಳದ ಒಂದು ಕಾಲ ಬರುತ್ತದೆ ಎನ್ನುವ ಆಸೆ ಅವಳ ಹೊಟ್ಟೆಯಲ್ಲಿ ಎಂದಿನಿಂದಲೋ ಇತ್ತು.

ಸಂಜೆ ಅವಳು ಹಿತ್ತಲಿಗೆ ಹೋಗಿ ವಿಷಯ ಹೇಳಿದಳು. ಕೋಜೋ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ಮೂರು ತಿಂಗಳು ತಾನೇ? ಆಗ್ಲಿ ಬಿಡು," ಎಂದ.

ಒರಳಿನ ಮುಂದಿದ್ದ ಅಫೀಬಾ ಒನಕೆ ಎತ್ತಿ ನೆಲಕ್ಕೆ ಕುಕ್ಕಿದಳು. "ನಾನು ನೀರು ಹಾಕಿಸ್ಕೊಂಡಾಯ್ತಲ್ಲೇ! ಅದನ್ನ ಯಾರು ಒರೆಸ್ತಾರೆ? ಮೊನ್ನೆ ನಮ್ಮವ್ವನ ದಿನ ಬಂತು, ಎಡೆ ಇಡ್ಲಿಲ್ಲ ನಾನು. ಅವಳು ಉಪವಾಸ ಕೂತಿದ್ದಾಳೆ. ಆ ಪಾದ್ರಿ ನನ್ನ ಮರಿಯಾ ಅಂತಾನೆ. ಬೀದೀಲಿ ಮರಿಯಾ ಅಂತ ಕೂಗಿದ್ರೆ ನಾನು ತಿರುಗಿಯೂ ನೋಡಲ್ಲ. ಯಾರಿಗೋಸ್ಕರ ಮಾಡಿದೆ ಇಷ್ಟೆಲ್ಲ?"

"ಅವ್ವ, ಹುಡುಗಿ ಮದುವೆ."

"ಹುಡುಗಿ ಮದುವೆ! ನಾನು ಗುಲಾಮಳಾಗಿದ್ರೆ ಆಗೋ ಮದುವೆ, ಬಿಡುಗಡೆ ಆದ್ರೆ ಮುರಿಯತ್ತಂತೆ. ಎಂಥ ಅಂದವಾದ ಮದುವೆ!"

ಮೂರು ದಿನ ಅವಳು ಮೊಮ್ಮಗಳ ಕೂದಲು ಬಾಚಲಿಲ್ಲ. ನಾಲ್ಕನೇ ದಿನ ಅವಳೇ ಬಾಚಣಿಗೆ ಬಿಸಿ ಮಾಡಿಕೊಂಡು ಬಂದಳು. "ಕೂರು ಇಲ್ಲಿ. ಕಾಡುಹಂದಿ ಹಾಗೆ ಕಾಣ್ತಿದ್ದೀಯ," ಎಂದಳು.

ಮದುವೆಗೆ ಐದು ವಾರ ಇದ್ದಾಗ ಅಡ್ರಿಯಾನನ ಮೇಲಧಿಕಾರಿಯ ಹೆಂಡತಿ ಲೂಯಿಸಾಳನ್ನು ಕಾಫಿಗೆ ಕರೆದಳು. ಹುಡುಗಿ ಹೋಗುವಾಗ ನವಿಲಿನ ಹಾಗೆ ಹೋದವಳು ಬರುವಾಗ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ರಾತ್ರಿಯ ಊಟಕ್ಕೆ ಮರಗೆಣಸಿನ ರೊಟ್ಟಿ, ಒಣಮೀನಿನ ಪಲ್ಯ. ಅವಳು ಮುಟ್ಟಲಿಲ್ಲ.

"ಏನಂದಳೇ ಆ ದೊರೆಸಾನಿ?" ಎಂದಳು ಫಿನಾ.

"ಯಾವ ಆಳುಗಳನ್ನ ಕರ್ಕೊಂಡು ಬರ್ತೀಯ ಅಂತ ಕೇಳಿದ್ಳು. ನಂಗೆ ಏನು ಹೇಳೋಕೂ ತೋಚಲಿಲ್ಲ. ಆಗ ಅವಳು ಪಕ್ಕದಲ್ಲಿದ್ದವಳನ್ನ ನೋಡಿ, ಹಾಗಾದ್ರೆ ಬಟ್ಟೆ ತಾನೇ ಒಗ್ಕೋತಾಳೋ ಏನೋ, ಅಭ್ಯಾಸ ಇರಬಹುದು ಅಂದ್ಳು. ಇಬ್ಬರೂ ನಕ್ಕರು."

"ಒಬ್ಬ ಹುಡುಗೀನ ಬಾಡಿಗೆಗೆ ಇಟ್ಕೊಂಡ್ರಾಯ್ತು."

"ಬಾಡಿಗೆಯೋರು ಲೆಕ್ಕಕ್ಕಿಲ್ಲ ಅಮ್ಮ. ಸ್ವಂತದ್ದು ಇರಬೇಕು. ಸ್ವಂತಕ್ಕೆ ಒಬ್ಬ ಆಳೂ ಇಲ್ಲದವಳನ್ನ ಯಾರು ಬಿಳಿಯಳು ಅಂತಾರೆ?" ಲೂಯಿಸಾ ತಲೆ ತಗ್ಗಿಸಿದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು, "ಮಾವನ್ನ ನನ್ನ ಹೆಸರಿಗೆ ಬರೆದುಕೊಡು. ಕಾಗದದಲ್ಲಿ ಮಾತ್ರ. ಮಾವ ಇಲ್ಲೇ ಇರ್ಲಿ, ನಿನ್ನ ಜೊತೆ. ಅರ್ಜಿ ಯಾವಾಗ ಬೇಕೋ ಆಗ ನಾನೇ ಹಾಕ್ತೀನಿ. ನಾನು ಹಾಕಿದ್ರೆ ಇನ್ನೂ ಬೇಗ ಆಗತ್ತೆ, ಅಡ್ರಿಯಾನ್ ಆ ಕಚೇರೀಲೇ ಇದ್ದಾನಲ್ಲ."

ಕೋಜೋ ಮೀನಿನ ಮುಳ್ಳನ್ನು ಒಂದೊಂದೇ ತೆಗೆದು ತಟ್ಟೆಯ ಅಂಚಿಗೆ ಇಡುತ್ತ ಹೋದ.

"ನನ್ನ ಹೆಗಲ ಮೇಲೆ ಬೆಳೆದ ಕೂಸು," ಎಂದ ಕೊನೆಗೆ. "ಅದರ ಹೆಸರಲ್ಲಿದ್ರೇನು, ನಿನ್ನ ಹೆಸರಲ್ಲಿದ್ರೇನು? ಹಾಕು ರುಜು. ಆ ಹೆಂಗಸರ ಬಾಯಿ ಮುಚ್ಲಿ."

"ಬೇಡ," ಎಂದಳು ಅಫೀಬಾ. "ನನ್ನನ್ನ ಎರಡು ಸಲ ಕಾಗದದ ಮೇಲೆ ಬರೆದಿದ್ದಾರೆ. ಎರಡು ಸಲಾನೂ ಅದು ಕಾಗದ ಅಂತ ಸುಮ್ಮನೆ ಪೆಟ್ಟಿಗೇಲಿ ಬಿದ್ದಿರಲಿಲ್ಲ. ಬಂದು ಕೈ ಹಿಡಿದು ಎಳ್ಕೊಂಡು ಹೋಯ್ತು."

"ಎರಡನೇ ಸಲ ಎಳ್ಕೊಂಡು ಬಂದವಳು ನಾನೇ ತಾನೇ ಅವ್ವ? ಕೆಟ್ಟದ್ದಾಯ್ತಾ?"

ಅದೇ ಆ ಮನೆಯವರು ಮಾಡಿದ ತಪ್ಪು. ಹದಿನೈದು ವರ್ಷ ಆ ಕಾಗದ ಅವರನ್ನು ಕಚ್ಚಿರಲಿಲ್ಲ, ಅದಕ್ಕೆ ಹಲ್ಲೇ ಇಲ್ಲವೆಂದು ತಿಳಿದರು. ಕಚ್ಚದೆ ಇದ್ದದ್ದು ಫಿನಾ, ಕಾಗದವಲ್ಲ.

ದಸ್ತಾವೇಜು ಬರೆಯುವ ವಕೀಲ ಕನ್ನಡಕ ಏರಿಸಿಕೊಂಡು ಕೇಳಿದ. "ಈ ಕೋಜೋ ಅನ್ನೋನ ತಾಯಿ ಬದುಕಿದ್ದಾಳಾ?"

"ಇದ್ದಾರೆ."

"ಯಾರ ಹತ್ರ?"

"ನನ್ನ ಹತ್ರವೇ."

"ಹಾಗಾದ್ರೆ ಇವನೊಬ್ಬನನ್ನೇ ಬರೆಯೋಕೆ ಬರಲ್ಲ. ತಾಯಿ ಮಕ್ಕಳನ್ನ ಬೇರೆ ಮಾಡಬಾರದು ಅಂತ ಕಾನೂನಿದೆ. ದಯವಂತರು ಮಾಡಿದ ಕಾನೂನು. ಕೊಟ್ರೆ ಇಬ್ಬರನ್ನೂ ಕೊಡಬೇಕು."

ಮನೆಯಲ್ಲಿ ಹೊಲಿಗೆ ರಾಶಿ ಬಿದ್ದಿತ್ತು, ಹೊರಗೆ ಮಳೆ ಹಿಡಿದಿತ್ತು, ಮದುವೆಗೆ ಇನ್ನು ನಾಲ್ಕೇ ವಾರ. "ಇಬ್ಬರನ್ನೂ ಬರೀರಿ," ಎಂದಳು. ಆ ತಾಯಿ ತನ್ನ ತಾಯಿಯೂ ಹೌದು ಎಂದು ವಕೀಲನಿಗೆ ಅವಳು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ರುಜು ಹಾಕಿ ಮನೆಗೆ ಬಂದು, ಮದುವಣಗಿತ್ತಿಯ ಲಂಗಕ್ಕೆ ನಿರಿಗೆ ಹಿಡಿಯಲು ಕೂತಳು.

ಮದುವೆ ಚೆನ್ನಾಗಿಯೇ ಆಯಿತು. ಡಚ್ ಇಗರ್ಜಿಯ ಮೂರನೇ ಸಾಲಿನಲ್ಲಿ ಫಿನಾ ಗಂಜಿ ಹಾಕಿದ ಉಡುಪಿನಲ್ಲಿ ಕೂತಿದ್ದಳು. ಅಫೀಬಾ, ಕೋಜೋ ಹೊರಗೆ ಕೊಡೆ ಹಿಡಿದುಕೊಂಡು ನಿಂತಿದ್ದರು. ಮೆಟ್ಟಿಲಿಳಿಯುವಾಗ ಆ ದೊರೆಸಾನಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಗಂಡಾಳು ಗಟ್ಟಿಮುಟ್ಟಾಗಿದ್ದಾನೆ," ಎಂದು ಲೂಯಿಸಾಳ ಕೆನ್ನೆ ತಟ್ಟಿದಳು. ಲೂಯಿಸಾ ಮುಗುಳ್ನಕ್ಕಳು.

ಮೂರು ವಾರ ಏನೂ ಬದಲಾಗಲಿಲ್ಲ. ಅವ್ವ ಮುದ್ದೆ ಕುಟ್ಟಿದಳು, ಅಣ್ಣ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬಂದ. ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾಯಿತು, ಅಷ್ಟೇ. ಅರ್ಜಿ ಯಾವಾಗ ಹಾಕುತ್ತೀಯ ಎಂದು ಮಗಳನ್ನು ಕೇಳಿದಾಗ, "ಈ ತಿಂಗಳು ಕಳೀಲಿ ಅಮ್ಮ" ಎಂದಿದ್ದಳು. ನಾಲ್ಕನೇ ವಾರದ ಶುಕ್ರವಾರ ಅಡ್ರಿಯಾನನ ಚೀಟಿ ಬಂತು. ಕೊಮ್ಮೆವೇನ್ ನದಿಯ ಮೇಲ್ಗಡೆಯ ಒಂದು ಕಾಫಿ ತೋಟಕ್ಕೆ ತಾನು ಮೇಲ್ವಿಚಾರಕನಾಗಿ ಹೋಗುತ್ತಿದ್ದೇನೆ. ಮಂಗಳವಾರ ಬೆಳಿಗ್ಗೆ ಕಡಲಿಳಿತದ ಹೊತ್ತಿಗೆ, ನೀರು ಪೂರ್ತಿ ಇಳಿಯುವ ಮೊದಲು, ದೋಣಿ ಹೊರಡುತ್ತದೆ. ಅಷ್ಟರೊಳಗೆ ಇಬ್ಬರನ್ನೂ ಹಡಗುಕಟ್ಟೆಗೆ ಕಳಿಸಿಕೊಡಬೇಕು.

ಫಿನಾ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಗಳ ಮನೆಗೆ ಓಡಿದಳು. ಲೂಯಿಸಾ ಪಿಂಗಾಣಿ ಬಟ್ಟಲುಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು.

"ಏನೇ ಇದು?"

"ಅಡ್ರಿಯಾನ್‌ಗೆ ದೊಡ್ಡ ಕೆಲಸ ಸಿಕ್ತು ಅಮ್ಮ."

"ಅದಲ್ಲ ನಾನು ಕೇಳಿದ್ದು. ಕಾಗದದಲ್ಲಿ ಮಾತ್ರ ಅಂದಿದ್ದೆ ನೀನು."

ಒಳಕೋಣೆಯಿಂದ ಅಡ್ರಿಯಾನ್ ಬಂದ. ಕುರ್ಚಿ ಎಳೆದು ಕೊಟ್ಟ. ಅವನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಒಂದು ಬಾಯಿ ಬೈದಾದರೂ ಫಿನಾ ಹಗುರಾಗುತ್ತಿದ್ದಳು.

"ಏನು ತೊಂದರೆ ಅಮ್ಮ?" ಎಂದ.

"ಅದು ಬರೀ ಕಾಗದದಲ್ಲಿ ಅಂತ ಮಾತಾಗಿತ್ತು."

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಕಾಗದದಲ್ಲಲ್ಲದೆ ಇನ್ನೆಲ್ಲಿ ಬರೀತಾರೆ? ರುಜು ನಿಮ್ಮದೇ ತಾನೇ? ನನ್ನ ಹತ್ರ ಸ್ವಂತ ಬಡಗಿ ಇದ್ದಾನೆ ಅಂತಲೇ ತೋಟದ ಒಡೆಯರು ನನ್ನನ್ನ ಆರಿಸಿದ್ದು."

"ಅವನು ನನ್ನ ಅಣ್ಣ. ಅವ್ವನಿಗೆ ಅರವತ್ತೆಂಟು ವರ್ಷ. ಕಬ್ಬಿನ ತೋಟದಿಂದ ಬಿಡಿಸಿಕೊಂಡು ಬಂದೆ ನಾನು ಅವರನ್ನ. ಮತ್ತೆ ತೋಟಕ್ಕೇ ಕಳಿಸ್ಲಾ? ಅವ್ವನನ್ನಾದ್ರೂ ಬಿಟ್ಟುಹೋಗಿ."

"ನಾನು ಬಿಡ್ತಿದ್ದೆ. ಕಾನೂನು ಬಿಡಲ್ಲ. ತಾಯಿ ಮಗನನ್ನ ಬೇರೆ ಮಾಡೋ ಹಾಗಿಲ್ಲ, ನಿಮಗೂ ಗೊತ್ತಿರಬೇಕು." ಅವನು ಹೆಂಡತಿಯ ಹೆಗಲು ಮುಟ್ಟಿ, ಪೆಟ್ಟಿಗೆಗೆ ಮೊಳೆ ಹೊಡೆಯುವವನನ್ನು ಕರೆಯಲು ಹೊರಗೆ ಹೋದ.

"ಇಬ್ಬರಿಗೂ ಬಿಡುಗಡೆ ಅರ್ಜಿ ಹಾಕ್ತೀನಿ ಅಂದಿದ್ದೆ," ಎಂದಳು ಫಿನಾ.

"ಎರಡು ವರ್ಷ ಆಗ್ಲಿ ಅಂತಾನೆ. ನಾನು ಜಗಳ ಆಡಿದೆ ಅಮ್ಮ, ನಿಜವಾಗ್ಲೂ ಆಡಿದೆ. ಆಮೇಲೆ..." ಲೂಯಿಸಾ ಬಟ್ಟಲನ್ನು ಎದೆಗೆ ಒತ್ತಿಕೊಂಡಳು. "ಆಮೇಲೆ ಸುಮ್ಮನಾದೆ. ಅಲ್ಲಿ ಸುತ್ತ ಕಾಡು, ಮುನ್ನೂರು ಆಳು, ನಾನೊಬ್ಬಳೇ. ಅಜ್ಜಿ ಬಂದ್ರೆ ನಂಗೆ ಧೈರ್ಯ. ನನ್ನ ತಲೆ ಯಾರು ಬಾಚ್ತಾರೆ? ಬೇರೆ ಯಾರಾದ್ರೂ ಬಾಚಿದ್ರೆ ಇದು ಯಾರ ಕಡೆಯ ಕೂದಲು ಅಂತ ಗೊತ್ತಾಗತ್ತೆ."

"ಹಾಗಿದ್ರೆ ನಾನೂ ಬರ್ತೀನಿ. ಮನೆ ಮಾರ್ತೀನಿ. ಅಲ್ಲೇ ಒಂದು ಮೂಲೇಲಿ ಹೊಲಿಗೆ ಹಾಕ್ಕೊಂಡು ಇರ್ತೀನಿ."

ಲೂಯಿಸಾ ಇನ್ನೊಂದು ಬಟ್ಟಲಿಗೆ ಹುಲ್ಲು ಸುತ್ತತೊಡಗಿದಳು.

"ಯಾಕೆ, ಬಾಯಿಗೆ ಬೀಗ ಬಿತ್ತಾ?"

"ನೀನು ಬಂದ್ರೆ ಏನಂತ ಹೇಳ್ಲಿ ಅಮ್ಮ? ಅಜ್ಜಿ ಅಡುಗೆಯವಳು. ಮಾವ ಬಡಗಿ. ನೀನು ಯಾರು?"

"ನಾನು ನಿನ್ನ ತಾಯಿ ಕಣೇ!"

"ಅದೇ ಅಮ್ಮ," ಎಂದಳು ಲೂಯಿಸಾ, ಅಳುತ್ತ. "ಅದೇ ತೊಂದರೆ."

ಮನೆಗೆ ಬಂದು ಫಿನಾ ನಡೆದದ್ದನ್ನೆಲ್ಲ ಹೇಳಿದಳು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕೋಜೋ ಗೋಡೆಯಿಂದ ಗರಗಸ ಇಳಿಸಿ ಎಣ್ಣೆ ಸವರಲು ಕೂತ.

"ಕಾಫಿ ತೋಟದಲ್ಲಿ ಗಂಟೆ ಎಷ್ಟು ಹೊತ್ತಿಗೆ ಹೊಡೀತಾರೆ ಅವ್ವ?" ಎಂದ.

"ಕಬ್ಬಾದ್ರೇನು ಕಾಫಿ ಆದ್ರೇನು, ಕೋಳಿಗಿಂತ ಮೊದಲೇ."

"ಅಣ್ಣ, ಏನಾದ್ರೂ ಅನ್ನು. ಬಯ್ಯಿ. ಹೊಡಿ ನನ್ನ," ಎಂದಳು ಫಿನಾ.

"ಏನನ್ನಲಿ? ರುಜು ಹಾಕು ಅಂದೋನು ನಾನೇ." ಅವನು ಗರಗಸದ ಹಲ್ಲನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. "ಮಂಗಳವಾರ ಕಟ್ಟೆಗೆ ಬಾ. ಬರದೆ ಇರಬೇಡ."

ಅಫೀಬಾ ಸಾರಿಗೆ ಕಡಲೆಕಾಯಿ ಹುರಿಯುತ್ತಿದ್ದಳು. ಮಗಳ ಕಡೆ ತಿರುಗದೆ ಹೇಳಿದಳು, "ನಿಮ್ಮಪ್ಪ ನನ್ನ ಹೊಡೆದ, ಹಾಸಿಗೆಗೆ ಎಳೆದ, ಮಾಡಬಾರದ್ದೆಲ್ಲ ಮಾಡಿದ. ಆದ್ರೆ ಮದುವೆ ಉಡುಗೊರೆ ಅಂತ ಯಾರಿಗೂ ಕೊಡಲಿಲ್ಲ." ಆಮೇಲೆ ಬಟ್ಟಲು ತೊಳೆದು ಮಗಳಿಗೇ ಮೊದಲು ಬಡಿಸಿದಳು. ಫಿನಾ ತಿಂದಳು. ತಿನ್ನದೆ ಎದ್ದರೆ ಅವ್ವ ಸುಮ್ಮನಿರುತ್ತಿರಲಿಲ್ಲ.

ಸೋಮವಾರವೆಲ್ಲ ಫಿನಾ ಅವ್ವನಿಗೆ ಎರಡು ದಪ್ಪ ಲಂಗ ಹೊಲಿದಳು. ಹೊಲಿಯುತ್ತಿದ್ದಂತೆ ಅವಳ ತಲೆಗೆ ಒಂದು ಯೋಚನೆ ಹೊಕ್ಕಿತು. ಹೊಕ್ಕ ಮೇಲೆ ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆ ಇಬ್ಬರನ್ನೂ ಮನೆಯ ಪಕ್ಕದ, ಆಳುಗಳು ಓಡಾಡುವ ಬಾಗಿಲಿನವರೆಗೆ ಬಿಟ್ಟು, "ನೀವು ನಡೀತಿರಿ, ನಾನು ಒಂದು ಗಳಿಗೆಯಲ್ಲಿ ಬಂದೆ. ನಾನೂ ನಿಮ್ಮ ಜೊತೆಗೇ ಬರೋ ಹಾಗೆ ಮಾಡ್ತೀನಿ," ಎಂದು ವಕೀಲನ ಕಚೇರಿಗೆ ಹೋದಳು. ಬಾಗಿಲು ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಕಾದಳು. ವಕೀಲ ಬಂದ, ಟೋಪಿ ತೂಗುಹಾಕಿದ, ಕಾಫಿ ಕುಡಿದ, ಆಮೇಲೆ ಒಳಗೆ ಕರೆದ.

"ಆವತ್ತಿನ ದಸ್ತಾವೇಜಿನಲ್ಲಿ ಕೆಳಗೆ ಇನ್ನೊಂದು ಹೆಸರು ಸೇರಿಸಬೇಕು," ಎಂದಳು ಫಿನಾ.

"ಇನ್ನೊಬ್ಬ ಆಳನ್ನ ಕೊಡ್ತಿದ್ದೀರಾ? ಯಾರ ಹೆಸರು?"

"ನನ್ನದು."

ವಕೀಲ ಲೇಖನಿ ಕೆಳಗಿಟ್ಟ. "ಕುಡಿದಿದ್ದೀರಾ ಹೇಗೆ?"

"ಇಲ್ಲ ಸ್ವಾಮಿ. ನಾನು ಆ ಮುದುಕಿಯ ಮಗಳು. ತಾಯಿ ಮಕ್ಕಳನ್ನ ಬೇರೆ ಮಾಡಬಾರದು ಅಂತ ಕಾನೂನಿದೆ ಅಂದ್ರಲ್ಲ? ನನ್ನನ್ನೂ ಬರ್ಕೊಳ್ಳಿ. ಆಗ ಅವರು ನನ್ನನ್ನ ಬಿಟ್ಟುಹೋಗೋ ಹಾಗಿಲ್ಲ."

ಅವನು ನಗಲಿಲ್ಲ. ಪಕ್ಕದ ಮೇಜಿನ ಗುಮಾಸ್ತ ನಕ್ಕ. ವಕೀಲ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಹಾಳೆಗಳನ್ನು ತಿರುವಿ, ಮತ್ತೆ ಮುಚ್ಚಿದ. "ಆ ಕಾನೂನು ಗುಲಾಮರಿಗೆ. ನೀವು ಸ್ವತಂತ್ರರು. ಸ್ವತಂತ್ರಳಾದ ಹೆಂಗಸನ್ನ ತಾಯಿಯಿಂದ ಬೇರೆ ಮಾಡೋಕೆ ಯಾವ ಅಡ್ಡಿಯೂ ಇಲ್ಲ. ನಿಮ್ಮನ್ನ ನೀವೇ ಕೊಟ್ಟುಕೊಳ್ಳೋಕೆ ಮಾತ್ರ ಬರಲ್ಲ. ಮನೆಗೆ ಹೋಗಿ."

"ಏನಾದ್ರೂ ಒಂದು ದಾರಿ ಹುಡುಕಿ ಸ್ವಾಮಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಮನೆಗೆ ಹೋಗಿ," ಎಂದು ಅವನು ಮತ್ತೆ ಹೇಳಿದ.

ಅವಳು ಹಡಗುಕಟ್ಟೆಗೆ ಓಡಿದಾಗ ಕಟ್ಟೆಯ ಕಲ್ಲುಗಳಿಗೆ ಕೆಸರು ಕಾಣುವಷ್ಟು ನೀರು ಇಳಿದಿತ್ತು. ದೋಣಿ ಇರಲಿಲ್ಲ. ನದಿಯ ತಿರುವಿನವರೆಗೂ ಏನೂ ಇರಲಿಲ್ಲ. ಮೀನು ಮಾರುವ ಒಬ್ಬ ಹೆಂಗಸು ಬುಟ್ಟಿಗೆ ಎಲೆ ಮುಚ್ಚುತ್ತ ಅವಳನ್ನೇ ನೋಡುತ್ತಿದ್ದಳು.

"ಫಿನಾ ಅಕ್ಕ, ಈಗ ಬಂದ್ರಾ? ನಿಮ್ಮವ್ವ ತುಂಬಾ ಹೊತ್ತು ಈ ರಸ್ತೆ ಕಡೇನೇ ನೋಡ್ತಿದ್ರು. ಮೀನಿನ ಗಬ್ಬಲ್ಲಿ ನಿಂತ್ಕೊಂಡು, ನನ್ನ ಮಗಳು ಬರ್ತಾಳೆ, ನಮ್ಮ ಜೊತೆಗೇ ಬರ್ತಾಳಂತೆ ಅಂತ ಎಲ್ಲರಿಗೂ ಹೇಳಿದ್ರು."

"ಕಚೇರೀಲಿ ತಡ ಆಯ್ತು. ಅಣ್ಣ ಏನಂದ?"

"ಅವನಿಗೆ ದೋಣಿ ಹಗ್ಗ ಬಿಚ್ಚು ಅಂದ್ರು, ಬಿಚ್ಚಲಿಲ್ಲ. ತಂಗಿ ಬರ್ತಾಳೆ, ಇನ್ನೊಂದು ಗಳಿಗೆ ತಡೀರಿ ಅಂತ ಹಗ್ಗ ಹಿಡ್ಕೊಂಡೇ ಕೂತ. ನೀರು ಇಳೀತಿತ್ತು, ನಿಮ್ಮ ಅಳಿಯಂಗೆ ಕೋಪ ಬಂತು. ಅಲ್ಲಿದ್ದೋರ ಕೈಯಿಂದ ಚಾವಟಿ ಇಸ್ಕೊಂಡು ಬೆನ್ನಿಗೆ ನಾಲ್ಕು ಬಿಗಿದ. ಆಮೇಲೆ ಬಿಚ್ಚಿದ."

ಫಿನಾ ಕಟ್ಟೆಯ ಕಲ್ಲಿನ ಮೇಲೆ ಕೂತಳು.

"ಲೂಯಿಸಾ ಅಲ್ಲೇ ಇದ್ದಳಾ?"

"ಇದ್ರು, ದೋಣಿ ಮೇಲೆ, ಪಕ್ಕದಲ್ಲೇ."

"ಏನಂದಳು?"

ಹೆಂಗಸು ಬುಟ್ಟಿಯನ್ನು ತಲೆಗೆ ಎತ್ತಿಕೊಂಡಳು.

"ಏನೂ ಅನ್ನಲಿಲ್ಲ ಅಕ್ಕ. ಮುಖ ಕಾಣದ ಹಾಗೆ ಕೊಡೆ ಈ ಕಡೆ ತಿರುಗಿಸ್ಕೊಂಡ್ರು."